ಆಧಾರ್ ಜೆರಾಕ್ಸ್ ಸಾಲದು
ಅಕ್ರಮ ವಲಸೆ ತಡೆಯಲು ರಾಜ್ಯವೇ ಕಾಯ್ದೆ ತರಲಿ ಎಂಬ ಶಾಸಕರ ವಾದ ನಿಲ್ಲುವುದಿಲ್ಲ. ಪೌರತ್ವ, ವೀಸಾ, ದೇಶದಿಂದ ಹೊರಹಾಕುವುದು ಎಲ್ಲವೂ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ, ಅಂದರೆ ಅವುಗಳ ಬಗ್ಗೆ ಕಾಯ್ದೆ ಮಾಡುವ ಅಧಿಕಾರ ಸಂಸತ್ತಿಗೆ ಮಾತ್ರ. ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದಲೇ ಜಾರಿಯಲ್ಲಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಸುಳಿದರೆ 5 ವರ್ಷದವರೆಗೆ ಜೈಲು, 5 ಲಕ್ಷ ರೂ.ವರೆಗೆ ದಂಡ.

ಎಡವುವುದು ತಪಾಸಣೆಯಲ್ಲಿ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಹೊಸಬ ಬಂದಾಗ ಆಧಾರ್ ಜೆರಾಕ್ಸ್ ಇಟ್ಟುಕೊಂಡರೆ ಆಯಿತು ಅಂದುಕೊಳ್ಳಬೇಡಿ. 12 ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ. ಅದು ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ. ಆ ಹೊಸಬ ಯಾರೆಂಬುದು ಅವನ ಊರಿನ ಪೊಲೀಸ್ ಠಾಣೆಯಿಂದಲೇ ಖಾತ್ರಿಯಾಗಬೇಕು. (ನೇಪಾಳದವರಿಗೆ ವೀಸಾ ಬೇಡ, ದಯವಿಟ್ಟು ಅವರನ್ನು ಇದಕ್ಕೆ ಎಳೆಯಬೇಡಿ.) ಗೋಕರ್ಣದ ಹೋಮ್‌ಸ್ಟೇಯವರು ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಲೇಬೇಕು. ಸದನದಲ್ಲಿ ಕೇಳಬೇಕಾದ್ದು ಈ ಪರಿಶೀಲನೆಗೆ ಬೇಕಾದ ಸಿಬ್ಬಂದಿಯನ್ನು.