27ರ ತಾಯೆಕೊಳ ಕಥೆಯೂ ಅನಿಮೆಯೇ

ಅನಿಮೆ (ಜಪಾನಿನ ಆನಿಮೇಷನ್ ಚಿತ್ರ) ಅಂದರೆ ಹೊಡೆದಾಟ, ಸ್ಕೂಲ್ ಹುಡುಗರ ಪ್ರೇಮ, ಇಷ್ಟೇ ಎಂದು ಲೇಖನದಲ್ಲಿ ಬರೆದಿದ್ದೀರಿ. ಒಪ್ಪುವುದು ಕಷ್ಟ. 1991ರಲ್ಲೇ ನಿರ್ದೇಶಕ ಇಸಾವೊ ತಕಹತಾ 'ಓನ್ಲಿ ಯೆಸ್ಟರ್‌ಡೇ' ಚಿತ್ರ ಮಾಡಿದ್ದರಲ್ವಾ? ನಾಯಕಿ ತಾಯೆಕೊಗೆ 27 ವರ್ಷ. ಮದುವೆಯಾಗಿಲ್ಲ, ಟೋಕಿಯೊದಲ್ಲಿ ಆಫೀಸ್ ಕೆಲಸ. ರಜೆ ಹಾಕಿ ಯಮಗತಾದ ಹಳ್ಳಿಗೆ ಹೋಗಿ ಕುಸುಬೆ ಹೂ ಬಿಡಿಸುತ್ತಾಳೆ. ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ, ಬೆಳಗಿನ ಜಾವವೇ ಹೊಲಕ್ಕಿಳಿಯಬೇಕು. ಉತ್ತರ ಕರ್ನಾಟಕದ ನಮಗೆ ಆ ಮುಳ್ಳಿನ ಕಾಟ ಚೆನ್ನಾಗಿ ಗೊತ್ತು! ಅವಳು ನಕ್ಕರೆ ಕೆನ್ನೆಯ ಗೆರೆಯೂ ಕಾಣುತ್ತದೆ. ಚಿತ್ರದಲ್ಲಿ ಅವಳ ಬಾಲ್ಯವೂ ಬರುತ್ತದೆ; ದೊಡ್ಡವಳಾದ ತಾಯೆಕೊಳ ಭಾಗಕ್ಕೆ ಮೊದಲು ಧ್ವನಿ ಮುದ್ರಿಸಿ, ಅದಕ್ಕೆ ಹೊಂದುವಂತೆ ಮುಖ ಬರೆದಿದ್ದಾರೆ. ಐದನೇ ಕ್ಲಾಸಿನ ಸಣ್ಣಪುಟ್ಟ ನೋವುಗಳು ಈಗಲೂ ಅವಳ ಬೆನ್ನು ಬಿಟ್ಟಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ಅದೇ. ದಯವಿಟ್ಟು ಇಂಥ ಚಿತ್ರಗಳ ಬಗ್ಗೆಯೂ ಬರೆಯಿರಿ.