ಕೈ ಎಣಿಸದ ಎರಡು ಸಭೆಗಳು

ಬಿಟ್‌ಕಾಯಿನ್ ನಿಯಮ ಬದಲಾಗಬೇಕಾದರೆ ಯಾರು ಒಪ್ಪಬೇಕು? ‘ಜಾಸ್ತಿ ಜನ ಒಪ್ಪಿದರೆ ಆಯ್ತು’ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಯಾರು ಬೇಕಾದರೂ ಪ್ರಸ್ತಾವ ಬರೆಯಬಹುದು. ಅದಕ್ಕೆ ಬಿಐಪಿ (ಬಿಟ್‌ಕಾಯಿನ್ ಇಂಪ್ರೂವ್‌ಮೆಂಟ್ ಪ್ರಪೋಸಲ್) ಅಂತ ಹೆಸರು. ನಂಬರ್ ಕೊಡುವ ಸಂಪಾದಕರು ಬರಹ ಕ್ರಮವಾಗಿದೆಯಾ ಅಂತ ನೋಡುತ್ತಾರೆ ಅಷ್ಟೇ. ಅದು ಬೇಕೋ ಬೇಡವೋ ಅನ್ನುವ ತೀರ್ಮಾನ ಅವರದ್ದಲ್ಲ. ಆಮೇಲೆ ಕೋಡ್ ಓದಿದವರು ಒಪ್ಪಿದರೆ ‘ಆಕ್’, ಒಪ್ಪದಿದ್ದರೆ ‘ನ್ಯಾಕ್’ ಅಂತ ಬರೆಯುತ್ತಾರೆ. ಕಾರಣ ಹೇಳದ ನ್ಯಾಕ್ ಅನ್ನು ಬಿಟ್ಟುಬಿಡಬಹುದು ಅಂತ ಬಿಟ್‌ಕಾಯಿನ್‌ನ ಮುಖ್ಯ ಸಾಫ್ಟ್‌ವೇರ್ ಆದ ಬಿಟ್‌ಕಾಯಿನ್ ಕೋರ್‌ನ ನಿಯಮದಲ್ಲೇ ಇದೆ. ನೂರು ಜನ ಸುಮ್ನೆ ‘ಬೇಡ’ ಅಂದರೆ ಅದಕ್ಕೆ ತೂಕವಿಲ್ಲ, ಆದರೆ ಹೆಸರೇ ಕೇಳಿರದ ಒಬ್ಬರು ಬಂದು ಇಲ್ಲಿ ತಪ್ಪಿದೆ ಅಂತ ತೋರಿಸಿಕೊಟ್ಟರೆ ಎಲ್ಲರೂ ನಿಲ್ಲಬೇಕು. ಈ ಪದ್ಧತಿಯ ಮೇಲೆ ನನಗೆ ಬಹಳ ಗೌರವ ಇದೆ.

ನಾನಿರುವುದು ಸ್ವಿಟ್ಜರ್ಲೆಂಡಿನಲ್ಲಿ. ಇಲ್ಲಿನ ಗ್ಲಾರುಸ್ ಕ್ಯಾಂಟನ್‌ನಲ್ಲಿ (ಕ್ಯಾಂಟನ್ ಅಂದರೆ ಇಲ್ಲಿನ ರಾಜ್ಯ) ಪ್ರತಿ ಮೇ ತಿಂಗಳು ಮತದಾರರೆಲ್ಲ ಬಯಲಲ್ಲಿ ಸೇರಿ ಕೈ ಎತ್ತಿ ಕಾನೂನು ಮಾಡುತ್ತಾರೆ. ಕೈಗಳನ್ನು ಎಣಿಸುವುದಿಲ್ಲ. ಸಭೆ ನಡೆಸುವ ಲಾಂಡಮ್ಮನ್ ವೇದಿಕೆ ಮೇಲಿಂದ ಕಣ್ಣಳತೆಯಲ್ಲೇ ನೋಡಿ ಯಾವ ಕಡೆ ಜಾಸ್ತಿ ಅಂತ ಹೇಳುತ್ತಾರೆ. ಯಾವ ಮತದಾರ ಬೇಕಾದರೂ ಎದ್ದು ತಿದ್ದುಪಡಿ ಸೂಚಿಸಬಹುದು. 2006ರಲ್ಲಿ ಅಲ್ಲಿನ ಸರ್ಕಾರ 25 ಪಂಚಾಯಿತಿಗಳನ್ನು 10ಕ್ಕೆ ಇಳಿಸೋಣ ಅಂದಿತ್ತು. ಸಭೆಯಲ್ಲಿದ್ದ ಒಬ್ಬ ಸಾಮಾನ್ಯ ನಾಗರಿಕ ಮೂರೇ ಸಾಕು ಅಂದ, ಸಭೆ ಅದಕ್ಕೇ ಒಪ್ಪಿತು!

ಕರ್ನಾಟಕದ ನಮ್ಮೂರಿನ ಗ್ರಾಮಸಭೆಯಲ್ಲಿ ನಾನು ನೋಡಿದ್ದು ಬೇರೆ. ಪಟ್ಟಿ ಓದುತ್ತಾರೆ, ಹಾಜರಿ ಪುಸ್ತಕ ಕೈಯಿಂದ ಕೈಗೆ ಹೋಗುತ್ತೆ, ಸಹಿ ಹಾಕಿದವರೆಲ್ಲ ಒಪ್ಪಿದರು ಅಂತ ಲೆಕ್ಕ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತಾ ಅನ್ನೋದು ಎಲ್ಲೂ ದಾಖಲಾಗುವುದಿಲ್ಲ.

ಗ್ಲಾರುಸ್‌ನಂತೆ ಬಿಟ್‌ಕಾಯಿನ್‌ನಲ್ಲೂ ಒಮ್ಮತವನ್ನು ಅಂದಾಜು ಮಾಡಬೇಕು. ಆದರೆ ಅಂದಾಜು ಮಾಡುವವರು ಯಾರು? ಗ್ಲಾರುಸ್‌ನಲ್ಲಿ ಆ ಮನುಷ್ಯ ಎಲ್ಲರ ಕಣ್ಣೆದುರು ನಿಂತಿರುತ್ತಾನೆ, ಜನರೇ ಆರಿಸಿದವನು. ಬಿಟ್‌ಕಾಯಿನ್‌ನಲ್ಲಿ ಕೋಡ್ ಸೇರಿಸುವ ಅಧಿಕಾರ ಬೆರಳೆಣಿಕೆಯ ಜನರ ಕೈಯಲ್ಲಿದೆ, ಅವರನ್ನು ಯಾರೂ ಚುನಾಯಿಸಿಲ್ಲ. ಇದರಿಂದ ಅನಾಹುತ ಆಗದಿರುವುದಕ್ಕೆ ಒಂದೇ ಕಾರಣ: ಇಷ್ಟವಿಲ್ಲದವರು ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳದೆ ಇರಬಹುದು. 2017ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಕಂಪನಿಗಳು ನ್ಯೂಯಾರ್ಕ್‌ನಲ್ಲಿ ಒಪ್ಪಂದ ಮಾಡಿಕೊಂಡು ಬ್ಲಾಕ್‌ನ, ಅಂದರೆ ವಹಿವಾಟುಗಳನ್ನು ಸೇರಿಸಿಡುವ ಒಂದೊಂದು ಕಂತೆಯ, ಗಾತ್ರ ದೊಡ್ಡದು ಮಾಡಲು ಹೊರಟವು. ಮೈನಿಂಗ್ ಬಲದ, ಅಂದರೆ ಆ ಬ್ಲಾಕ್‌ಗಳನ್ನು ತಯಾರಿಸುವ ಕಂಪ್ಯೂಟರ್ ಬಲದ, ದೊಡ್ಡ ಪಾಲು ಅವರ ಕಡೆಗಿತ್ತು. ಸ್ವಂತ ನೋಡ್ (ಬ್ಲಾಕ್‌ಗಳು ನಿಯಮದಂತೆ ಇವೆಯಾ ಅಂತ ನೋಡುವ ಕಂಪ್ಯೂಟರ್) ನಡೆಸುವ ಜನ ಒಪ್ಪಲಿಲ್ಲ. ನವೆಂಬರ್‌ನಲ್ಲಿ ಅದನ್ನು ಕೈಬಿಡಬೇಕಾಯ್ತು.

ಟೆಝೋಸ್ ಅನ್ನುವ ಇನ್ನೊಂದು ಕ್ರಿಪ್ಟೊ ಜಾಲದಲ್ಲಿ ವೋಟು ಚೈನ್ (ವಹಿವಾಟು ದಾಖಲಾಗುವ ಸರಪಳಿ) ಮೇಲೇ ನಡೆಯುತ್ತೆ, ಸಾಕಷ್ಟು ವೋಟು ಬಿದ್ದು ಪರವಾದ ವೋಟು ಶೇ 80 ಮುಟ್ಟಿದರೆ ಬದಲಾವಣೆ ತಾನಾಗಿಯೇ ಜಾರಿಗೆ ಬರುತ್ತೆ. ಅಚ್ಚುಕಟ್ಟು ನಿಜ, ಆದರೆ ಜಾಸ್ತಿ ನಾಣ್ಯ ಇದ್ದವರ ವೋಟಿಗೆ ಜಾಸ್ತಿ ತೂಕ. ಇದು ನನಗೆ ಒಪ್ಪಿಗೆಯಿಲ್ಲ. ದುಡ್ಡಿದ್ದವರ ಆಕ್ಷೇಪ ದೊಡ್ಡದು, ಇಲ್ಲದವರದ್ದು ಚಿಕ್ಕದು ಅಂತಾದರೆ ವಾದ ಯಾಕೆ ಮಾಡಬೇಕು, ಅಲ್ವಾ?

ಬಿಟ್‌ಕಾಯಿನ್‌ನಲ್ಲಿ ನನಗೆ ಬೇಸರ ತರುವುದು ಬೇರೆ ವಿಷಯ. ಇಲ್ಲಿ ಚರ್ಚೆಗೆ ಕೊನೆ ದಿನ ಅಂತಲೇ ಇಲ್ಲ. ಸೆಗ್ವಿಟ್ ಅನ್ನುವ ನಿಯಮ ಬದಲಾವಣೆ ಜಾರಿಗೆ ತರಲು ಮೈನರ್‌ಗಳ (ಮೈನಿಂಗ್ ಮಾಡುವವರ) ಶೇ 95 ಸಮ್ಮತಿ ಬೇಕು ಅಂತ ಇಟ್ಟಿದ್ದರು, ಅದು ತಿಂಗಳುಗಟ್ಟಲೆ ಮುಂದಕ್ಕೇ ಹೋಗಲಿಲ್ಲ. 2017ರ ಆಗಸ್ಟ್ 1ರ ಗಡುವು ಹಾಕಿ ಬಳಕೆದಾರರೇ ಪಟ್ಟು ಹಿಡಿದ ಮೇಲೆ ದಾರಿ ತೆರೆಯಿತು. ಟ್ಯಾಪ್‌ರೂಟ್ ಅನ್ನುವ ಮುಂದಿನ ಬದಲಾವಣೆಯ ಸಮಯದಲ್ಲಿ ಆ ಪಾಠ ಕಲಿತಿದ್ದರು. ಮೂರು ತಿಂಗಳ ಗಡುವು, ಶೇ 90 ಸಮ್ಮತಿ, ಆಗದಿದ್ದರೆ ಮತ್ತೆ ಕೂತು ಮಾತಾಡೋಣ ಅಂತ. 2021ರ ಜೂನ್‌ನಲ್ಲೇ ಸಮ್ಮತಿ ಸಿಕ್ಕಿತು, ನವೆಂಬರ್‌ನಲ್ಲಿ ಜಾರಿಗೆ ಬಂತು. ಯಾರೂ ಬೇರೆಯಾಗಿ ಹೋಗಲಿಲ್ಲ.

ನಾಣ್ಯವನ್ನು ಮುಂದೆ ಹೇಗೆ ಖರ್ಚು ಮಾಡಬಹುದು ಅಂತ ಮೊದಲೇ ಕಟ್ಟು ಹಾಕಲು ಬಿಡುವ ಬಿಐಪಿ 119 ಹೆಸರಿನ ಪ್ರಸ್ತಾವ 2020ರಿಂದ ಎಳೆದಾಡುತ್ತಿದೆ. ಅದರ ಮೇಲೆ ಯಾವ ಯಾವ ಆಕ್ಷೇಪ ಬಂತು, ಯಾವುದಕ್ಕೆ ಉತ್ತರ ಸಿಕ್ಕಿತು, ಯಾವುದು ಬಾಕಿ ಉಳಿದಿದೆ ಅಂತ ಒಂದೇ ಕಡೆ ಬರೆದು, ಬಾಕಿ ಇದ್ದದ್ದಕ್ಕೆ ಉತ್ತರ ಕೊಡಲು ಒಂದು ದಿನ ಗೊತ್ತು ಮಾಡಲಿ. ಕೊನೆಗೆ ಬೇಡ ಅಂತಾದರೆ, ಬೇಡ ಅಂತಲೇ ಕಾರಣ ಸಮೇತ ಬರೆಯಲಿ. ಆ ಪ್ರಸ್ತಾವ ಬರೆದ ಡೆವಲಪರ್‌ಗೆ ಅಷ್ಟು ಉತ್ತರವಾದರೂ ಸಿಗಬೇಕು.