1024 ಜನರ ಆಸೆ, ಒಂದು ಉತ್ತರಕ್ಕೆ ಬರ

ಎರಡು ದಿನದಿಂದ ತಲೆ ಕೆಟ್ಟಿದೆ. ಬರೆದು ಹಾಕದಿದ್ದರೆ ಕೆಲಸ ಮಾಡೋಕೆ ಆಗಲ್ಲ ಅನ್ನಿಸಿ ಕೂತಿದ್ದೇನೆ.

ನಮ್ಮ ವೆಬ್ ಕೆಲಸಗಾರರ ವಾಟ್ಸಾಪ್ ಗ್ರೂಪ್ ಗೊತ್ತಲ್ಲ, ನಿಮ್ಮಲ್ಲಿ ಅರ್ಧ ಜನ ಅದರಲ್ಲೇ ಇದ್ದೀರಿ. 412 ಸದಸ್ಯರು. ಡಿಸೈನರ್, ಡೆವಲಪರ್, ಸೈಟನ್ನು ಗೂಗಲ್ ಹುಡುಕಾಟದಲ್ಲಿ ಮೇಲೆ ತರೋಕೆ ಎಸ್‌ಇಒ ಮಾಡೋರು, ಸುಮ್ನೆ ಸೇರಿಕೊಂಡೋರು, ಎಲ್ಲರೂ. ಮಂಗಳವಾರ ರಾತ್ರಿ ಹನ್ನೊಂದಕ್ಕೆ ಹಾವೇರಿ ಕಡೆಯ ಹುಡುಗನೊಬ್ಬ ಒಂದು ಸ್ಕ್ರೀನ್‌ಶಾಟ್ ಹಾಕಿದ. ಅಂಗಡಿಯೊಂದರ ವೆಬ್‌ಸೈಟ್. ಮೇಲೆ ದೊಡ್ಡದಾಗಿ 'ಸ್ವಾಗತ'. ಆದರೆ ವ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿದೆ, ಬಾಗಿಲಿಗೆ ಕಾಲು ಸಿಕ್ಕಿಹಾಕಿಕೊಂಡ ಹಾಗೆ. 'ಸರ್, ಅರ್ಜೆಂಟ್. ಬೆಳಿಗ್ಗೆ ಡೆಲಿವರಿ ಇದೆ' ಅಂತ ಕೆಳಗೆ.

ಮುನ್ನೂರಕ್ಕೂ ಹೆಚ್ಚು ಜನ ನೋಡಿದರು. ಉತ್ತರ ಸೊನ್ನೆ. ಬೆಳಿಗ್ಗೆ ಆರಕ್ಕೆ ಯಾರೋ ಪುಣ್ಯಾತ್ಮರು ಗುಲಾಬಿ ಹೂವಿನ ಮೇಲೆ 'ಶುಭೋದಯ' ಹಾಕಿದರು. ಅದಕ್ಕೆ ಮೂವತ್ತೆಂಟು ಕೈಮುಗಿತ. ಎಣಿಸಿದ್ದೇನೆ, ಕೆಲಸವಿಲ್ಲದೆ.

ಸಮಸ್ಯೆ ದೊಡ್ಡದೇನಲ್ಲ. ಲೈನ್-ಹೈಟ್, ಅಂದರೆ ಸಾಲಿಗೆ ಕೊಡೋ ಎತ್ತರ, 1 ಇಟ್ಟಿದ್ದ, ಜೊತೆಗೆ ಓವರ್‌ಫ್ಲೋ ಹಿಡನ್, ಅಂದರೆ ಜಾಗ ಮೀರಿದ್ದನ್ನು ಮರೆಮಾಡು ಅಂತ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಜಾಗ ಸಾಕು. ನಮ್ಮದಕ್ಕೆ ಕೆಳಗೆ ಒತ್ತು ಕೂರಬೇಕಲ್ವಾ? 1.6 ಮಾಡಿದ್ದರೆ ಮುಗೀತಿತ್ತು. ಒಂದೇ ಸಾಲಿನ ಉತ್ತರ. ಗೊತ್ತಿರೋರು ಗ್ರೂಪಲ್ಲಿ ಕಡಿಮೆ ಅಂದರೂ ಐವತ್ತು ಜನ ಇದ್ದಾರೆ.

ಇದನ್ನು ಹೇಳಿದರೆ ನಮ್ಮ ಇನ್ನೊಬ್ಬ ಅಡ್ಮಿನ್ ಒಂದು ಲೆಕ್ಕ ತೆಗೀತಾರೆ. 2006ರಲ್ಲಿ ವೆಬ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ ಬರೆದದ್ದು: ಇಂಥ ಗುಂಪುಗಳಲ್ಲಿ ನೂರಕ್ಕೆ ತೊಂಬತ್ತು ಜನ ಬರೀ ನೋಡ್ತಾರೆ, ಒಂಬತ್ತು ಜನ ಆಗೀಗ ಮಾತಾಡ್ತಾರೆ, ಒಬ್ಬ ಮಾತ್ರ ನಿಜವಾಗಿ ದುಡೀತಾನೆ. ಸರಿ ಸ್ವಾಮಿ. 412ರಲ್ಲಿ ಒಂದು ಪರ್ಸೆಂಟ್ ಅಂದರೂ ನಾಲ್ಕು ಜನ ಬೇಕಲ್ಲ, ಆ ನಾಲ್ವರು ಎಲ್ಲಿ? ಇನ್ನು ಶುಭೋದಯಕ್ಕೆ ಕೈಮುಗಿದ ಮೂವತ್ತೆಂಟು ಜನರನ್ನು ಮೌನಿಗಳು ಅನ್ನೋಕಾಗುತ್ತಾ? 'ಇನ್ನೂ ಜನ ಸೇರಿಸೋಣ, 1024ರವರೆಗೆ ಜಾಗ ಇದೆ' ಅನ್ನೋದು ಅವರ ಪರಿಹಾರ. ಸೇರಿಸಿ. ಕೈಮುಗಿಯೋರು ನೂರಾಗ್ತಾರೆ.

'ಈಗ ಎಲ್ಲರೂ ಚಾಟ್‌ಜಿಪಿಟಿ ಕೇಳ್ತಾರೆ, ಗ್ರೂಪ್ ಯಾಕೆ ಬೇಕು' ಅನ್ನೋರೂ ಇದ್ದಾರೆ. ಹುಡುಗ ಅದನ್ನೂ ಕೇಳಿದ್ದ. ಫಾಂಟ್ ಬದಲಿಸು ಅಂತಂತೆ. ಮೂರು ಫಾಂಟ್ ಬದಲಿಸಿದ್ದಾನೆ ಪಾಪ. ಓದೋಕೆ ಸರಿ ಕಾಣುತ್ತೆ, ಆದರೆ ತಪ್ಪಿರುತ್ತೆ ಅಂತಲೇ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದವರು 2022ರ ಡಿಸೆಂಬರಿನಲ್ಲಿ ಅಂಥ ಉತ್ತರಗಳನ್ನು ಹಾಕಬೇಡಿ ಅಂದಿದ್ದು. ಆ ಸ್ಟ್ಯಾಕ್ ಓವರ್‌ಫ್ಲೋ 2008ರಿಂದ ಬೆಳೆದದ್ದಾದರೂ ಹೇಗೆ? ಯಾರೋ ಗುರುತಿಲ್ಲದವರು ಇನ್ಯಾರದೋ ತಲೆನೋವಿಗೆ ಕೂತು ಉತ್ತರ ಬರೆದರು, ಅಷ್ಟೇ.

ನನಗೂ ಹಾಗೇ ಒಬ್ಬರು ಸಿಕ್ಕಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಂದು ಸೈಟಿನಲ್ಲಿ 'ಸಾಫ್ಟ್‌ವೇರ್' ಅಂತ ಹುಡುಕಿದರೆ ಸಿಗ್ತಿರಲಿಲ್ಲ, ಪದ ಕಣ್ಣೆದುರೇ ಇದ್ದರೂ. ಮುಖವೇ ನೋಡದ ಹಿರಿಯರೊಬ್ಬರು ಮಧ್ಯರಾತ್ರಿ ಬರೆದರು: 'ಟ ಒತ್ತಿಗೂ ವೇಗೂ ನಡುವೆ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿದೆ, ನೋಡು ಮಾರಾಯ.' ಝೀರೋ ವಿಡ್ತ್ ನಾನ್ ಜಾಯ್ನರ್, ಅಕ್ಷರಗಳು ಕೂಡಿಕೊಳ್ಳದ ಹಾಗೆ ತಡೆಯೋ ಅಗಲವೇ ಇಲ್ಲದ ಗುರುತು. ಸೈಟಿನಲ್ಲಿದ್ದ ಪದ, ನಾನು ಹುಡುಕಿದ ಪದ, ಇವೆರಡರಲ್ಲಿ ಒಂದು ಕಡೆ ಅದು ಇತ್ತು, ಇನ್ನೊಂದು ಕಡೆ ಇರಲಿಲ್ಲ. ಆವತ್ತು ಆದ ಖುಷಿ ಸಂಬಳದ ದಿನವೂ ಆಗಿಲ್ಲ.

ಈಗ ನಿಜ ಹೇಳಿಬಿಡ್ತೀನಿ. ಹುಡುಗನ ಮೆಸೇಜ್ ನಾನೂ ಹನ್ನೊಂದೂ ಹತ್ತಕ್ಕೇ ನೋಡಿದ್ದೆ. ಉತ್ತರವೂ ಗೊತ್ತಿತ್ತು. ಯಾರಾದರೂ ಹೇಳ್ತಾರೆ ಬಿಡು ಅಂತ ಫೋನ್ ಚಾರ್ಜಿಗೆ ಹಾಕಿ ಮಲಗಿದೆ. ಅಡ್ಮಿನ್ ಬೇರೆ! ಹೋದ ವರ್ಷ ಒಬ್ಬ ಹುಡುಗಿ ಏನೋ ಸಣ್ಣದು ಕೇಳಿದಾಗ 'ಗೂಗಲ್ ಮಾಡಮ್ಮ' ಅಂತ ಜೋಕ್ ಮಾಡಿದ್ದೂ ನಾನೇ. ಆಮೇಲೆ ಅವಳು ಏನೂ ಕೇಳಿಲ್ಲ. ಆವತ್ತು ನಕ್ಕವರೂ ಏನೂ ಕೇಳಿಲ್ಲ, ಅದು ಈಗ ಹೊಳೀತಿದೆ.

ಗುರುವಾರ ನಾಚಿಕೆ ಆಗಿ ಅವನಿಗೆ ಉತ್ತರ ಕಳಿಸಿದೆ. 'ಪರ್ವಾಗಿಲ್ರೀ ಸರ, ಆಗ್ಲೇ ಕೊಟ್ಟಬಿಟ್ಟೆ' ಅಂದ. ಹೇಗಪ್ಪಾ ಅಂದರೆ, ಒತ್ತಕ್ಷರ ಇರೋ ತಲೆಬರಹ ಎಲ್ಲಾ ತೆಗೆದುಹಾಕಿದ್ದಾನೆ! 'ಉತ್ಪನ್ನಗಳು' ಹೋಗಿ 'ಸಾಮಾನುಗಳು' ಆಗಿದೆ. 'ಸ್ವಾಗತ'ದ ಬದಲು 'ನಮಸ್ಕಾರ' ಹಾಕಿದರೆ ಅದರಲ್ಲೂ ಒತ್ತು, 'ಬನ್ನಿ' ಅಂದರೆ ಅದರಲ್ಲೂ ಒತ್ತು. ಕೊನೆಗೆ ಒತ್ತಿಲ್ಲದ ಪದ ಒಂದು ಗ್ರೂಪಿನಲ್ಲೇ ಸಿಕ್ಕಿತಂತೆ.

ಈಗ ಹಾವೇರಿಯ ಆ ಅಂಗಡಿಯ ಸೈಟನ್ನು ರಾತ್ರಿ ಎಷ್ಟು ಹೊತ್ತಿಗೆ ತೆರೆದರೂ ಮೇಲೆ ದಪ್ಪ ಅಕ್ಷರದಲ್ಲಿ 'ಶುಭೋದಯ' ಅಂತ ಇರುತ್ತೆ.